ಜಿನಮತಿ ಬಿಡಿಸಿ ಬರೆದ ಪ್ರೋಗ್ರಾಮು

ನಿಪ್ಪಾಣಿಯ ಮುರಗೆಪ್ಪನವರ ವರ್ಕ್‌ಶಾಪಿನಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾಗಳಿಗೆ ಎಲೆಕ್ಟ್ರಾನಿಕ್ ಪೆಟ್ಟಿಗೆ ತಯಾರಾಗುತ್ತಿತ್ತು. ತೂಕ ಓದುವುದು, ಅಂಕಿ ತೋರಿಸುವುದು, ಚೀಟಿ ಮುದ್ರಿಸುವುದು, ಎಲ್ಲವೂ ಒಳಗಿನ ಪುಟ್ಟ ಚಿಪ್ಪಿನ ಕೆಲಸ. ಕಾಗವಾಡದ ಜಿನಮತಿ ಡಿಪ್ಲೊಮಾ ಮುಗಿಸಿ 1993ರಲ್ಲಿ ಕೆಲಸಕ್ಕೆ ಸೇರಿದಾಗ, ಆ ಚಿಪ್ಪಿಗೆ ಪ್ರೋಗ್ರಾಮು ಬರೆದ ಎಂಜಿನಿಯರ್ ಕೆಲಸ ಬಿಟ್ಟು ವರ್ಷವಾಗಿತ್ತು. ಎರಡು ಸಾವಿರ ಸಾಲು, ಒಂದೇ ಫೈಲು. ಪೆಟ್ಟಿಗೆಯ ಮೇಲಿನ ಒಂದು ಗುಂಡಿಯ ಕೆಲಸ ಬದಲಿಸಲು ಅವಳಿಗೆ ಎಂಟು ದಿನ ಹಿಡಿಯಿತು.

"ಇದನ್ನ ಬಿಡಿಸಿ ಬರೀತೀನ್ರಿ," ಎಂದಳು.

"ನಡ್ಯಾಕತ್ತಿದ್ದನ್ನ ಯಾಕ ಮುಟ್ಟತಿ, ತಂಗಿ? ಕೆಟ್ಟರ ಯಾರ ಜವಾಬ್ದಾರಿ?" ಮುರಗೆಪ್ಪ ಕೇಳಿದರು.

"ನಂದರೀ."

ಮಳೆಗಾಲದಲ್ಲಿ ಕಾರ್ಖಾನೆಗಳು ನಿಂತಿದ್ದವು. ಆ ಬಿಡುವಿನಲ್ಲಿ ಜಿನಮತಿ ಪ್ರೋಗ್ರಾಮನ್ನು ನಾಲ್ಕು ಫೈಲು ಮಾಡಿದಳು: ತೂಕ, ಅಂಕಿ, ಗುಂಡಿ, ಚೀಟಿ. ಒಳಗಿನ ಹೆಸರುಗಳನ್ನೂ ಓದಿದರೆ ಕೆಲಸ ತಿಳಿಯುವಂತೆ ಇಟ್ಟಳು. ಹನ್ನೊಂದು ಕಡೆ ಚೆದುರಿದ್ದ ಒಂದೇ ಸಂಖ್ಯೆಯನ್ನು ಒಂದೇ ಕಡೆ ಬರೆದಳು. ಯಾವ ಕೆಲಸ ಎಲ್ಲಿದೆ ಎಂಬ ಪಟ್ಟಿಯನ್ನು ಎಲ್ಲಕ್ಕೂ ಮೊದಲು ಹಾಕಿದಳು. ಪರೀಕ್ಷೆ ಮಾಡುವಾಗ ಎರಡು ಸಲ ಕಾಟಾ ತಪ್ಪು ತೂಗಿತು. ಎರಡು ಸಲವೂ ಕೂತು ಸರಿಪಡಿಸಿದಳು.

ಎರಡು ವರ್ಷದ ನಂತರ, ಕಬ್ಬಿನ ಹಂಗಾಮು ಜೋರಾಗಿದ್ದಾಗ, ಅವಳು ಬಾಣಂತನಕ್ಕೆ ತವರಿನಲ್ಲಿದ್ದಳು. ಅಥಣಿ ಕಡೆಯ ಒಂದು ಕಾರ್ಖಾನೆಯವರು ಹೊಸ ಪ್ರಿಂಟರ್ ತಂದಿದ್ದರು. ಚೀಟಿಯಲ್ಲಿ ಅಕ್ಷರಗಳೇ ಬಿಟ್ಟುಹೋಗುತ್ತಿದ್ದವು. ಗೇಟಿನಲ್ಲಿ ಗಾಡಿಗಳ ಸಾಲು. ತವರಿನಲ್ಲಿ ಫೋನಿರಲಿಲ್ಲ. ವರ್ಕ್‌ಶಾಪಿನಲ್ಲಿ ಇದ್ದವನು ಉತ್ತಮ ಎಂಬ ಹೆಸರಿನ, ಬೆಸುಗೆ ಹಾಕುವ ಕೆಲಸಗಾರ ಮಾತ್ರ. ಇಂಥ ಪ್ರೋಗ್ರಾಮನ್ನು ಅವನು ಎಂದೂ ತಿದ್ದಿರಲಿಲ್ಲ.

ಮೂರನೆಯ ದಿನ ಅವನು ಅಥಣಿಯಿಂದ ಮರಳುವಾಗ ಕಾಗವಾಡದಲ್ಲಿ ಇಳಿದು ಜಿನಮತಿಯ ಮನೆಗೆ ಬಂದ. ಅವಳು ಗಾಬರಿಯಾದಳು.

"ಏನಾತೋ ಉತ್ತಮ? ಕಾಟಾ ನಿಂತೈತೇನು?"

"ಇಲ್ರಿ ಬಾಯಾರ, ನಡದೈತ್ರಿ! ಪ್ರಿಂಟರಿಗೆ ಪುರಸತ್ತ ಸಾಲತಿರಲಿಲ್ಲ. ಪಟ್ಟಿ ನೋಡಿದೆ, ಚೀಟಿ ಫೈಲ ತಗದೆ. 'ಪ್ರಿಂಟರ್ ಕಾಯುವ ಹೊತ್ತು' ಅಂತ ನೀವ ಬರದಿದ್ರಿ. ಆ ಒಂದ ಸಾಲಿನ್ಯಾಗ ಅಂಕಿ ಹೆಚ್ಚ ಮಾಡಿದೆ, ಹೊಸಾ ಚಿಪ್ಪಿಗೆ ತುಂಬಿ ಅಲ್ಲಿ ಹೋಗಿ ಹಾಕಿದೆ. ಮುಗೀತ್ರಿ."

"ನೀನ ಮಾಡಿದೇನು? ಒಬ್ಬಾವನ?"

"ಹೌದ್ರಿ. ನಿಮ್ಮನ್ನ ಕೇಳೂ ಪ್ರಸಂಗನ ಬರಲಿಲ್ಲ."

ತಾನೇ ರಿಪೇರಿ ಮಾಡಿ ಬಂದ ದಿನಗಳಲ್ಲೂ ಜಿನಮತಿಯ ಎದೆ ಇಷ್ಟು ಉಬ್ಬಿರಲಿಲ್ಲ. ಒಳಗಿದ್ದ ತಾಯಿ ಅಕ್ಕುತಾಯಿಯನ್ನು ಕೂಗಿ ಕರೆದು, ಉತ್ತಮನಿಂದ ಎಲ್ಲವನ್ನೂ ಮತ್ತೊಮ್ಮೆ ಹೇಳಿಸಿದಳು.

ಅವಳು ಕೆಲಸಕ್ಕೆ ಮರಳಿದ ದಿನ ಮುರಗೆಪ್ಪ ಇನ್ನೂ ಮೂರು ಯಂತ್ರಗಳ ಪ್ರೋಗ್ರಾಮು ಅವಳ ಮೇಜಿನ ಮೇಲಿಟ್ಟರು.

"ಇವನ್ನೂ ಹಂಗ ಬರಿ, ತಂಗಿ. ಉತ್ತಮಗೂ ಕಲಿಸು."