ಒತ್ತು, ಇಡ್ಕೊ, ಬುಡು

ನನ್ನ ಹೆಸರು ಸೌಮ್ಯ. ನನಗೆ ಮಾತು ಬರುವ ಮೊದಲೇ ಇಟ್ಟ ಹೆಸರು, ಇಟ್ಟವರದ್ದೇನೂ ತಪ್ಪಿಲ್ಲ. ಹಲಗೂರಿನ ಮಳವಳ್ಳಿ ರಸ್ತೆಯಲ್ಲಿ, ಹೊಂಗೆಮರದ ಕೆಳಗೆ ನಮ್ಮ ಯಜಮಾನರದ್ದೊಂದು ಗ್ಯಾರೇಜು. ಬರೀ ಮಹದೇವು ಅಂದರೆ ಯಾರೂ ದಾರಿ ತೋರಿಸುವುದಿಲ್ಲ, ಬ್ರೇಕ್ ಮಹದೇವು ಅನ್ನಬೇಕು. ಮುತ್ತತ್ತಿಯ ಇಳಿಜಾರಿನಲ್ಲಿ ಬ್ರೇಕು ಕಾಯಿಸಿಕೊಂಡು, ಎದೆ ಹೊಡೆದುಕೊಳ್ಳುತ್ತಾ ಬಂದವರೆಲ್ಲ ಗಾಡಿ ನಿಲ್ಲಿಸುವುದು ನಮ್ಮ ಮರದ ಕೆಳಗೇ.

ಬ್ರೇಕಿನ ಕೆಲಸಕ್ಕೆ ಇಬ್ಬರು ಬೇಕು. ಪೈಪಿನಲ್ಲಿ ಗಾಳಿ ಸೇರಿದರೆ ಪೆಡಲ್ಲು ಮೆತ್ತಗಾಗುತ್ತದೆ. ಅದನ್ನು ತೆಗೆಯಲು ಒಬ್ಬರು ಚಕ್ರದ ಪಕ್ಕ ಸ್ಪ್ಯಾನರ್ ಹಿಡಿದು ಮಲಗಬೇಕು, ಇನ್ನೊಬ್ಬರು ಒಳಗೆ ಕೂತು ಪೆಡಲ್ಲು ತುಳಿಯಬೇಕು. ಮದುವೆಯಾದ ವಾರಕ್ಕೇ ಆ ಇನ್ನೊಬ್ಬಳು ನಾನಾದೆ. ಅವರು ಕೆಳಗಿನಿಂದ "ಒತ್ತು" ಅಂದರೆ ಒತ್ತುತ್ತೇನೆ. "ಇಡ್ಕೊ" ಅಂದರೆ ಕಾಲು ಅಲ್ಲಾಡಿಸದೆ ಹಿಡಿದಿರುತ್ತೇನೆ. ಅವರು ನಟ್ಟು ಸಡಿಲಿಸಿ, ಗಾಳಿ ಬುಸ್ಸೆಂದು ಹೋದ ಮೇಲೆ ಬಿಗಿ ಮಾಡುತ್ತಾರೆ. "ಬುಡು" ಅಂದರೆ ಬಿಡುತ್ತೇನೆ. ಅವರು ಮಾತಿನ ಮನುಷ್ಯರೇ ಅಲ್ಲ. ಊಟಕ್ಕೆ ಕೂತಾಗ ತಟ್ಟೆ ಮುಂದೆ ತಳ್ಳಿದರೆ ಇನ್ನೊಂದು ಮುದ್ದೆ ಬೇಕು ಅಂತ ನಾನೇ ತಿಳಿದುಕೊಳ್ಳಬೇಕು. ಆದರೆ ಈ ಮೂರು ಮಾತು ಮಾತ್ರ ದಿನಾ ನನಗೆ ಸಿಗುತ್ತಿದ್ದವು, ಬೇರೆ ಯಾರಿಗೂ ಸಿಗುತ್ತಿರಲಿಲ್ಲ.

ಕೆಲಸದಲ್ಲಿ ಅವರದ್ದೊಂದು ಕಟ್ಟಳೆ. ಎರಡೂ ಕಡೆಯ ಚಕ್ರ ಒಟ್ಟಿಗೆ ಬಿಚ್ಚುವ ಹಾಗೇ ಇಲ್ಲ. ಒಂದು ಕಡೆ ಬಿಚ್ಚಿ, ಜೋಡಿಸಿ, ಆಮೇಲೆ ಇನ್ನೊಂದು ಕಡೆ. ಎಡದ ಸಾಮಾನು ಬಲಕ್ಕೆ ಹೋದರೆ ಯಾರದೋ ಪ್ರಾಣಕ್ಕೆ ಬರುತ್ತದೆ ಅನ್ನುತ್ತಿದ್ದರು. ಗಿರಾಕಿ ಎಷ್ಟೇ ಅವಸರ ಮಾಡಲಿ, ಜಗ್ಗುತ್ತಿರಲಿಲ್ಲ. ಅವರಮ್ಮ ದೇವಿರಮ್ಮ ತೀರಿಕೊಂಡ ಸುದ್ದಿ ಬಂದಾಗಲೂ ಬಿಚ್ಚಿದ್ದ ಒಂದು ಕಡೆಯನ್ನು ಜೋಡಿಸಿಟ್ಟೇ ಎದ್ದರು.

ಹೋದ ವರ್ಷ ತಂಗಿಯ ಬಾಣಂತನಕ್ಕೆ ಅಂತ ಬಸರಾಳಿಗೆ ಹೋದವಳು ತಿಂಗಳು ಕಳೆದು ಬಂದೆ. ಬಸ್ಸಿಳಿದು ಬ್ಯಾಗು ಹೊತ್ತು ಬರುತ್ತೇನೆ, ಮರದ ಕೆಳಗೊಂದು ಹಳೆಯ ಬಿಳಿ ಕಾರು, ಅದರೊಳಗೊಬ್ಬ ಹೆಂಗಸು. ಚಕ್ರದ ಹತ್ತಿರದಿಂದ ನಮ್ಮ ಯಜಮಾನರ ದನಿ ಕೇಳಿತು: "ಒತ್ತಿ ಮೇಡಂ. ಹಿಡ್ಕೊಳ್ಳಿ. ಹಾಂ, ಬಿಡಿ."

ಹಿಡ್ಕೊಳ್ಳಿಯಂತೆ! ಇಷ್ಟು ವರ್ಷ ನನಗೆ 'ಇಡ್ಕೊ' ಅಂದ ಬಾಯಿ ಅದು. ಊರನ್ನೇ ಅಲಗೂರು ಅನ್ನುವ ಮನುಷ್ಯನಿಗೆ ಆ ಹಕಾರ ಎಲ್ಲಿಂದ ಬಂತು? ಸಾಲದ್ದಕ್ಕೆ, ಸೀರೆಗೆ ಗ್ರೀಸು ಹತ್ತದಿರಲಿ ಅಂತ ಅವಳ ಸೀಟಿಗೆ ಪೇಪರ್ ಬೇರೆ ಹಾಸಿದ್ದರು. ಸ್ಪ್ರಿಂಗು ಎದ್ದ ಸೀಟುಗಳ ಮೇಲೆ ಕೂತು ನಾನು ಎಷ್ಟು ಸೀರೆ ಹರಿದುಕೊಂಡಿದ್ದೇನೆ, ನನಗೆ ಒಂದು ದಿನ ಒಂದು ಹಾಳೆ ಹಾಸಿದವರಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು.

ಅವಳ ಹೆಸರು ರೂಪ. ಹಲಗೂರಿನ ಬ್ಯಾಂಕಿಗೆ ವರ್ಗವಾಗಿ ಬಂದವಳು, ಮಳವಳ್ಳಿಯಿಂದ ದಿನಾ ಕಾರಿನಲ್ಲಿ ಓಡಾಡುತ್ತಾಳೆ. ನಾನಿಲ್ಲದಾಗ ಬಂದು ಹಿಂದಿನ ಬ್ರೇಕ್ ಶೂ ಹೊಸದು ಹಾಕಿಸಿಕೊಂಡಿದ್ದಳಂತೆ. ಅಂಥಾ ಚೆಲುವೆಯೇನಲ್ಲ, ಆದರೆ ಅವಳು ನಕ್ಕರೆ ಎದುರಿಗಿದ್ದವರಿಗೂ ನಗು ಬರುತ್ತದೆ. ನನ್ನನ್ನು ಅಕ್ಕಾ ಅಂದಳು. ಅದಕ್ಕೂ ಉರಿಯಿತು.

ವಾರ ತಿರುಗುವಷ್ಟರಲ್ಲಿ ಮತ್ತೆ ಬಂದಳು. ಪೆಡಲ್ಲು ಕೆಳಗಿಳಿದಿದೆ, ಅರ್ಧ ದಾಟಿದ ಮೇಲೆ ಹಿಡಿಯುತ್ತದೆ ಅಂದಳು. ಯಜಮಾನರು ಚಕ್ರ ಬಿಚ್ಚದೆ ಹಿಂದಿನ ತೂತಿನಿಂದಲೇ ಶೂ ಟೈಟು ಮಾಡಿ, ಗಾಳಿ ತೆಗೆದು ಕಳಿಸಿದರು. ಪೆಡಲ್ಲು ಮೇಲಕ್ಕೆ ಬಂದಿತ್ತು. ಮುಂದಿನ ವಾರ ಮತ್ತೆ ಹಾಜರು, ಅದೇ ರೋಗ. ನಾನು ಒಳಗೆ ಕೂರಲು ಹೋದರೆ "ಅವ್ರ ಕಾರು, ಅವ್ರೇ ಒತ್ಲಿ ಬುಡು" ಅಂದರು. ನೋಡಿ, ಆ 'ಬುಡು' ಮಾತ್ರ ನನ್ನ ಪಾಲಿಗೆ ಇನ್ನೂ ಇತ್ತು.

ಬ್ರೇಕ್ ಮಹದೇವುಗೆ ಒಂದು ಪೆಡಲ್ಲು ಸರಿ ಮಾಡಲು ಬರುವುದಿಲ್ಲ ಅಂದರೆ ನಾನು ನಂಬಬೇಕೆ? ಅವಳು ಮತ್ತೆ ಮತ್ತೆ ಬರಲಿ ಅಂತ ಬೇಕಂತಲೇ ಕೆಡಿಸಿ ಕಳಿಸುತ್ತಿದ್ದಾರೆ ಅಂದುಕೊಂಡೆ. ಹೊಟ್ಟೆಕಿಚ್ಚು ಅನ್ನುತ್ತೀರಾ, ಅನ್ನಿ, ಹೊಟ್ಟೆಕಿಚ್ಚೇ. ಮುದ್ದೆ ತೊಳಸುವಾಗಲೂ ಆ 'ಹಿಡ್ಕೊಳ್ಳಿ' ಕಿವಿಯಲ್ಲಿ ಕೂತಿರುತ್ತಿತ್ತು. ಆ ಪೆಡಲ್ಲಿನ ಜಾಗ ನನ್ನದು. ಅದೂ ಹೋದರೆ ಆ ಮನುಷ್ಯನ ಹತ್ತಿರ ನನ್ನದು ಅಂತ ಏನೂ ಉಳಿಯುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ರೂಪ ಕಾರು ಬಿಟ್ಟು ಬ್ಯಾಂಕಿಗೆ ನಡೆದುಹೋದಳು. ಯಜಮಾನರನ್ನು ಯಾರೋ ಮುತ್ತತ್ತಿ ರಸ್ತೆಯಲ್ಲಿ ನಿಂತುಹೋದ ಜೀಪಿಗೆ ಕರೆದುಕೊಂಡು ಹೋದರು. ಇಲ್ಲಿ ನಾನು ಮತ್ತು ಆ ಕಾರು ಉಳಿದೆವು. ಸೀಟಿನ ಪೇಪರ್ ಎಳೆದು ಬಿಸಾಡಿ ಕೂತೆ.

ಒತ್ತಿದೆ. ಪೆಡಲ್ಲು ತಳದ ಹತ್ತಿರ ಹೋಗಿ ನಿಂತಿತು, ಆದರೆ ಮೆತ್ತಗಿರಲಿಲ್ಲ. ಹಾಗಾದರೆ ಗಾಳಿಯಲ್ಲ. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು ಮತ್ತೆ ಒತ್ತಿದೆ. ಈಗ ಮೇಲೇ ಹಿಡಿಯಿತು. ಹ್ಯಾಂಡ್‌ಬ್ರೇಕ್ ಎಳೆದಾಗ ಪೆಡಲ್ಲು ಮೇಲೆ ಬಂದರೆ ಹಿಂದಿನ ಶೂ ತಾನು ಒತ್ತಿ ಹಿಡಿಯಬೇಕಾದ ಡ್ರಮ್ಮಿನಿಂದ ದೂರ ಸರಿದಿದೆ ಅಂತ ಅರ್ಥ. ಇದು ಅವರೇ ಹೇಳಿಕೊಟ್ಟದ್ದು. ಪ್ರತಿ ವಾರ ಟೈಟು ಮಾಡಿದ ಶೂ ತಾನಾಗಿ ಹೇಗೆ ಸರಿಯುತ್ತದೆ? ಇವರೇ ಸಡಿಲ ಮಾಡುತ್ತಿದ್ದಾರೆ ಅಂತ ಹಲ್ಲು ಕಡಿದುಕೊಂಡು ಹ್ಯಾಂಡ್‌ಬ್ರೇಕ್ ಇಳಿಸಿ ಜಾಕ್ ಹಾಕಿದೆ. ಎಡಗಡೆಯ ಚಕ್ರ ಕಳಚಿ, ಡ್ರಮ್ಮು ಬಡಿದು ತೆಗೆದೆ.

ಎರಡು ಶೂಗಳ ನಡುವೆ ಅಡ್ಜಸ್ಟರ್ ಅಂತ ಒಂದು ತಿರುಪಿನ ಕಡ್ಡಿ ಇರುತ್ತದೆ. ಶೂ ಸವೆದ ಹಾಗೆಲ್ಲ ಅದು ತಾನೇ ತಿರುಗಿ ಉದ್ದವಾಗುತ್ತಾ ಶೂವನ್ನು ಡ್ರಮ್ಮಿನ ಹತ್ತಿರ ಇಡಬೇಕು. ಎಡಕ್ಕೊಂದು, ಬಲಕ್ಕೊಂದು, ತಿರುಪು ಬೇರೆ ಬೇರೆ. ಎಡಗಡೆಯ ಚಕ್ರದಲ್ಲಿದ್ದ ಕಡ್ಡಿಯ ಮೇಲೆ 'ಆರ್' ಅಂತ ಅಚ್ಚು ಹೊಡೆದಿತ್ತು, ಅಂದರೆ ಬಲಗಡೆಯದ್ದು. ಅದಲು ಬದಲಾದರೆ ಅದು ಉದ್ದವಾಗುವ ಬದಲು ಗಿಡ್ಡವಾಗುತ್ತದೆ. ಇವರು ಟೈಟು ಮಾಡಿ ಕಳಿಸುತ್ತಿದ್ದರು, ಅವಳು ವಾರವೆಲ್ಲ ಒತ್ತಿ ಒತ್ತಿ ಸಡಿಲ ಮಾಡಿಕೊಂಡು ಬರುತ್ತಿದ್ದಳು. ಸಿಕ್ಕಿಬಿದ್ದಿರಿ ಯಜಮಾನರೇ ಅಂದುಕೊಂಡು, ಡ್ರಮ್ಮು ಮುಂದಿಟ್ಟುಕೊಂಡು ಕಾಯುತ್ತಾ ಕೂತೆ.

ಬಂದರು. ನಾನು ಕಡ್ಡಿಯತ್ತ ಬೆರಳು ತೋರಿಸಿದೆ. ಕುಕ್ಕರುಗಾಲಲ್ಲಿ ಕೂತು, ಹೆಬ್ಬೆರಳಿನಿಂದ ಧೂಳು ಒರೆಸಿ, ಆ ಅಕ್ಷರ ನೋಡಿದರು. ಎದ್ದು ಹೋಗಿ ಬಲಗಡೆಯದ್ದೂ ಬಿಚ್ಚಿ ನೋಡಿದರು. ಆಮೇಲೆ ಮಣ್ಣಿನ ಮೇಲೇ ಕೂತುಬಿಟ್ಟರು.

"ಬೇಕೂಂತ್ಲೇ ಮಾಡಿದ್ದಲ್ವಾ?" ಅಂದೆ. "ಅವ್ಳು ವಾರವಾರ ಬರ್ಲಿ ಅಂತ."

"ನಿನ್ನಾಣೆಗೂ ಇಲ್ಲ ಕಣಮ್ಮಿ."

"ಮತ್ತೆಂಗಾಯ್ತು?"

ಮೊಣಕಾಲಿಗೆ ಕೈ ಒರೆಸಿಕೊಂಡರು. "ಎಲ್ಡೂ ಕಡೆ ಒಟ್ಗೆ ಬಿಚ್ಬುಟ್ಟಿದ್ದೆ," ಅಂದರು. "ಮಾತಾಡ್ತಾ ಇದ್ವಿ. ಗ್ಯಾನ ಬರ್ನಿಲ್ಲ."

ನಾನು ಸುಳ್ಳಿಗೆ ಸಿದ್ಧವಾಗಿದ್ದೆ. ಬೇಕಂತಲೇ ಕೆಡಿಸಿದ್ದರೆ ಗಂಡಸಿನ ಚಪಲ ಅಂತ ಬಾಯಿಗೆ ಬಂದ ಹಾಗೆ ಬೈದು, ಬಹುಶಃ ಆ ಸಾಯಂಕಾಲಕ್ಕೇ ಮರೆಯುತ್ತಿದ್ದೆ. ಇವರು ಹೇಳಿದ್ದು ನಿಜ. ಹೆತ್ತವಳು ಸತ್ತ ದಿನ ತಪ್ಪದ ಗ್ಯಾನ, ಅವಳ ಜೊತೆ ಮಾತಾಡುತ್ತಾ ತಪ್ಪಿತ್ತು. ಮಾತಾಡುತ್ತಾ! ನನ್ನ ಗಂಡ! ಏನು ಮಾತಾಡಿದಿರಿ ಅಂತ ಕೇಳಲು ನನಗೆ ಧೈರ್ಯ ಬರಲಿಲ್ಲ.

ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ ಹಾಕಿದರು, ಒಂದು ಕಡೆ ಜೋಡಿಸಿ ಮುಗಿಸಿಯೇ ಇನ್ನೊಂದು ಕಡೆ ಜೋಡಿಸಿದರು. ಒಂದ್ಸಲ ಗಾಳಿಯೂ ನೋಡಿಬಿಡೋಣ ಅಂತ, ನಾನು ಬಿಸಾಡಿದ್ದ ಪೇಪರನ್ನು ಹೆಕ್ಕಿ, ಕೊಡವಿ, ನನಗೆ ಅಂತ ಸೀಟಿಗೆ ಹಾಸಿದರು. ನಾನು ಅದರ ಮೇಲೆ ಕೂತೆ.

"ಒತ್ತು" ಅಂದರು. ಒತ್ತಿದೆ. ಪೆಡಲ್ಲು ಮೇಲೇ ನಿಂತಿತು.

"ಹಿಡ್ಕೊ" ಅಂದರು.

ಹಕಾರ ಹಾಕಿ, ನನಗೆ. ಪರರ ಮನೆ ಹೆಂಗಸಿಗೆ ಹೇಳಿದ ಹಾಗೆ. ಹಿಡಿದುಕೊಂಡೆ.

ನಟ್ಟು ಬಿಗಿ ಮಾಡಿದ ಸದ್ದು ಕೇಳಿತು. "ಬಿಡು" ಅಂದರು. ನಾನು ಬಿಡಲಿಲ್ಲ.

"ಬುಡು ಕಣಮ್ಮಿ," ಅಂದರು ಕೆಳಗಿನಿಂದ ಮೆಲ್ಲಗೆ. "ಗಾಳಿ ಎಲ್ಲಾ ಓಯ್ತು."

ನನ್ನ 'ಬುಡು' ವಾಪಸ್ಸು ಬಂದಿತ್ತು. ಆದರೂ ನಾನು ಕಾಲು ತೆಗೆಯಲಿಲ್ಲ.