ದೀಪಕ್ಕೆ ಎತ್ತಿದ ಕೈ

ಬಣಕಲ್ ಹತ್ತಿರದ ಎಸ್ಟೇಟೊಂದರ ಪಂಪ್‌ಹೌಸಿನಲ್ಲಿ ನಾನೊಂದು ಹಸಿರು ದೀಪ ಕೂರಿಸಿದ್ದೆ. ಬಟನ್ ಒತ್ತಿದರೆ ಗುಡ್ಡದ ಮೇಲಿನ ವಾಲ್ವನ್ನು ಮೋಟಾರೇ ತೆರೆಯುತ್ತಿತ್ತು; ಪೂರ್ತಿ ತೆರೆದ ಮೇಲೆ ದೀಪ ಹತ್ತುತ್ತಿತ್ತು. ಅದಕ್ಕೂ ಮೊದಲು ಗುಡ್ಡದಲ್ಲಿ ಒಬ್ಬ ವಾಲ್ವ್ ತಿರುಗಿಸಿ ಕೆಂಪು ಬಟ್ಟೆ ಬೀಸುತ್ತಿದ್ದ. ಕೆಳಗಿಂದ ಮೇಸ್ತ್ರಿ 'ಕಂಡೆ' ಅನ್ನುವಂತೆ ಕೈ ಎತ್ತಿ ಪಂಪ್ ಹಾಕುತ್ತಿದ್ದರು.

ಮೊದಲ ದಿನವೇ ದಟ್ಟ ಮಂಜು. ಕಾಫಿ ಮೊಗ್ಗು ನೀರಿಗೆ ಕಾದಿತ್ತು, ಇನ್ನು ತಡಮಾಡುವಂತಿರಲಿಲ್ಲ. ದೀಪ ಹತ್ತಿತು. ಮೇಸ್ತ್ರಿ ಅಲುಗಲಿಲ್ಲ.

"ದೀಪ ಇಲ್ಲಿದೆ, ವಾಲ್ವ್ ಅಲ್ಲಿದೆ. ಮುಚ್ಚೇ ಇದ್ರೆ ಪೈಪ್ ಒಡೆಯುತ್ತೆ ಮಾರಾಯ್ರೆ."

"ವಾಲ್ವಿಗೇ ಸ್ವಿಚ್ ಕೂರಿಸಿದೀನಿ. ಅದು ತಿರುಗದೆ ಇದು ಹತ್ತಲ್ಲ."

"ಗುಡ್ಡಕ್ಕೆ ಒಬ್ಬನ್ನ ಕಳ್ಸಿ, ಬಟ್ಟೆ ಕಾಣ್ಲಿ."

"ಈ ಮಂಜಲ್ಲಿ ಯಾವ ಬಟ್ಟೆ ಕಾಣುತ್ತೆ?" ರೇಗಿಬಿಟ್ಟೆ.

ಎಸ್ಟೇಟಿನ ಅಮ್ಮ ಬಾಗಿಲಲ್ಲಿ ನಿಂತಿದ್ದರು. "ಹಾಕಿ ಮೇಸ್ತ್ರಿ. ಒಡೆದ್ರೆ ನನ್ನ ಪೈಪ್ ತಾನೆ?"

ಪಂಪ್ ಶುರುವಾಯಿತು. ಸ್ವಲ್ಪ ಹೊತ್ತಿಗೆ ಮಂಜಿನೊಳಗಿಂದ ಸ್ಪ್ರಿಂಕ್ಲರುಗಳ ಚಟಚಟ ಸದ್ದು ಕೇಳಿಬಂತು. ಅಮ್ಮ ನಕ್ಕರು. ಮೇಸ್ತ್ರಿ ದೀಪದ ಕಡೆ ತಿರುಗಿ, ಗುಡ್ಡದವನಿಗೆ ಎತ್ತುತ್ತಿದ್ದ ಹಾಗೇ ಕೈ ಎತ್ತಿದರು.

ಗುಡ್ಡದುದ್ದಕ್ಕೂ ತಂತಿ ಎಳೆದು ಸೊಂಟ ಹಿಡಿಸಿಕೊಂಡವನು ನಾನು. ಮರ್ಯಾದೆ ಸಿಕ್ಕಿದ್ದು ದೀಪಕ್ಕೆ.