ಕಾಚಂಪುಳಿಯಲ್ಲಿ ಕುದಿಸಿದ ತಂತಿಗಳು

ನಮ್ಮ ಬ್ಯಾಂಡಿನ ಹಾಡುಗಾರ ಅಣ್ಣ ಸಿದ್ದಾಪುರದ ಮದುವೆಯಲ್ಲಿ ಹಂದಿಕರಿ ತಿಂದ ಕೈಯಲ್ಲೇ ನನ್ನ ಗಿಡ್ಡ ಕತ್ತಿನ ಶಾರ್ಟ್ ಸ್ಕೇಲ್ ಬೇಸ್ ಗಿಟಾರ್ ನುಡಿಸಿದ. ತಂತಿಗಳು ಜಿಡ್ಡು ಹಿಡಿದು ನಾರತೊಡಗಿದವು, ನಾದ ಸತ್ತುಹೋಯಿತು. ಆ ಅಳತೆಯ ತಂತಿ ಕೊಡಗಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಭಾನುವಾರ ಇನ್ನೊಂದು ಮದುವೆಯಲ್ಲಿ ನುಡಿಸಬೇಕಿತ್ತು.

"ಕರಿಗೆ ಹಾಕುವ ಕಾಚಂಪುಳಿಯಲ್ಲೇ ಕುದಿಸು ಮಾರಾಯ, ಹೊಸದಾಗ್ತದೆ," ಎಂದ ಅಣ್ಣ.

"ಹುಳಿ ಉಕ್ಕನ್ನ ತಿನ್ನಲ್ವಾ ಅಣ್ಣ?"

"ನಿನ್ನ ಡಿಬೇಟು ಕಾಲೇಜಲ್ಲಿಟ್ಕೊ. ನಮ್ಮಜ್ಜಿ ಹಿತ್ತಾಳೆ ತಿಕ್ತಿದ್ದದ್ದು ಅದ್ರಲ್ಲೇ."

ಹಿತ್ತಾಳೆಯ ಸಾಕ್ಷಿ ಉಕ್ಕಿಗೆ ಸಲ್ಲದು ಎಂದು ಗೊತ್ತಿದ್ದೂ ಆ ಕಪ್ಪು ಹುಳಿರಸದಲ್ಲಿ ತಂತಿಗಳನ್ನು ಕುದಿಸಿದೆ. ಹಂದಿಯೂ ಹುಳಿಯೂ ಒಟ್ಟಿಗೆ ನಾರುವ ನಾಲ್ಕು ಕಪ್ಪು ಎರೆಹುಳುಗಳು ಹೊರಬಂದವು. ಭಾನುವಾರ ಶ್ರುತಿ ಮಾಡುವಾಗಲೇ ದಪ್ಪ ತಂತಿ ತುಂಡಾಯಿತು.

"ಜಾಸ್ತಿ ಕುದಿಸಿಬಿಟ್ಟೆ ನೀನು," ಎನ್ನುತ್ತಾ ಅಣ್ಣ ಉಳಿದ ಮೂರನ್ನು ಮುಟ್ಟಿ ನೋಡಲು ಕೈ ಚಾಚಿದ. ಆ ಬೆರಳುಗಳು ಆಗಲೇ ಮಸಾಲೆಯ ಎಣ್ಣೆಯಿಂದ ಮಿನುಗುತ್ತಿದ್ದವು.